ಕರಗಿಹೋಗುವ ಸಾಕ್ಷ್ಯ

2015ರ ಮಾರ್ಚ್ 5ರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಹಳೆಯ ಪುಟ್ಟ ವಿಮಾನವೊಂದು ಮೇಲೇರಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಹೊಸ ಪೈಲಟ್‌ಗಳ ತರಬೇತಿಗೆ ಬಳಸುತ್ತಿದ್ದ ರಯಾನ್ ಪಿಟಿ-22 ಅದು. ತೆರೆದ ಕಾಕ್‌ಪಿಟ್, ಮೂತಿಯಲ್ಲಿ ಸುತ್ತಲೂ ಚಾಚಿಕೊಂಡ ಐದು ಸಿಲಿಂಡರುಗಳ ಕಿನ್ನರ್ ಎಂಜಿನ್. ಅದನ್ನು ಹಾರಿಸುತ್ತಿದ್ದವರು ‘ಇಂಡಿಯಾನಾ ಜೋನ್ಸ್’ ಮತ್ತು ‘ಸ್ಟಾರ್ ವಾರ್ಸ್’ ಚಿತ್ರಗಳ ನಟ ಹ್ಯಾರಿಸನ್ ಫೋರ್ಡ್. ಆಗ ಅವರಿಗೆ 72 ವರ್ಷ.

ಸಮುದ್ರಮಟ್ಟದಿಂದ ಸುಮಾರು 1,100 ಅಡಿ ಎತ್ತರ ತಲುಪುವಷ್ಟರಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡಿತು. ಫೋರ್ಡ್ ರೇಡಿಯೋದಲ್ಲಿ ವಿಷಯ ತಿಳಿಸಿ, ಎಡಕ್ಕೆ ಹೊರಳಿ ರನ್‌ವೇ ಹಿಡಿಯಲು ನೋಡಿದರು. ಎತ್ತರ ಸಾಲಲಿಲ್ಲ. ಪಕ್ಕದಲ್ಲೇ ಇದ್ದ ಪೆನ್‌ಮಾರ್ ಗಾಲ್ಫ್ ಮೈದಾನದತ್ತ ತಿರುಗಿದರು. ವಿಮಾನ ಮರದ ತುದಿಗೆ ತಾಗಿ ಹುಲ್ಲಿನ ಮೇಲೆ ಅಪ್ಪಳಿಸಿತು. ತೀವ್ರವಾಗಿ ಗಾಯಗೊಂಡರೂ ಅವರು ಬದುಕಿಕೊಂಡರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ತನಿಖೆಗಿಳಿಯಿತು. ಕಾರ್ಬ್ಯುರೇಟರ್ ಬಿಚ್ಚಿ ನೋಡಿದಾಗ ಉತ್ತರ ಸಿಕ್ಕಿತು. ಇಂಧನವನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ, ನಮ್ಮ ಬೈಕ್ ಮೆಕ್ಯಾನಿಕ್‌ಗಳೂ ‘ಮೇನ್ ಜೆಟ್’ ಎಂದೇ ಕರೆಯುವಂಥದ್ದು, ತನ್ನ ಜಾಗದಿಂದ ತಿರುಪು ಬಿಚ್ಚಿಕೊಂಡು 90 ಡಿಗ್ರಿ ಅಡ್ಡ ತಿರುಗಿತ್ತು. ಅಳತೆ ತಪ್ಪಿ ಎಂಜಿನ್ನಿಗೆ ವಿಪರೀತ ಇಂಧನ ನುಗ್ಗಿತ್ತು. ಅಷ್ಟು ಇಂಧನವನ್ನು ಉರಿಸಲು ಬೇಕಾದ ಗಾಳಿ ಅಲ್ಲಿರಲಿಲ್ಲ. ಸುಮಾರು 17 ವರ್ಷ ಹಿಂದೆ ಆ ವಿಮಾನವನ್ನು ಪೂರ್ತಿ ದುರಸ್ತಿ ಮಾಡಲಾಗಿತ್ತು. ಆದರೆ ಆ ಜೆಟ್ ಬಿಗಿಯಾಗಿದೆಯೇ ಎಂದು ಆಗಾಗ ನೋಡಬೇಕೆಂಬ ಸೂಚನೆ ನಿರ್ವಹಣೆಯ ಕೈಪಿಡಿಯಲ್ಲಿ ಇರಲೇ ಇಲ್ಲ.

ಆ ತನಿಖೆಗೆ ಒಂದು ಅನುಕೂಲವಿತ್ತು. ತಪ್ಪು ಮಾಡಿದ ಭಾಗ ತಪ್ಪು ಮಾಡಿದ ಭಂಗಿಯಲ್ಲೇ ಉಳಿದುಕೊಂಡಿತ್ತು. ಎಲ್ಲ ಸಲವೂ ಹೀಗಾಗುವುದಿಲ್ಲ. ಸಣ್ಣ ವಿಮಾನದ ಎಂಜಿನ್ ಹಾರಾಟದ ನಡುವೆ ಸೊರಗುತ್ತದೆ, ಪೈಲಟ್ ಹೇಗೋ ಗದ್ದೆಗೋ ರಸ್ತೆಗೋ ಇಳಿಸುತ್ತಾನೆ, ತನಿಖಾಧಿಕಾರಿಗಳು ಬಂದು ಎಂಜಿನ್ ಚಾಲೂ ಮಾಡಿದರೆ ಅದು ಏನೂ ಆಗಿಲ್ಲವೆಂಬಂತೆ ಓಡುತ್ತದೆ. ವರದಿಯ ಕೊನೆಗೆ ‘ಶಕ್ತಿನಷ್ಟಕ್ಕೆ ಕಾರಣ ನಿರ್ಧರಿಸಲಾಗಲಿಲ್ಲ’ ಎಂದು ಬರೆಯಬೇಕಾಗುತ್ತದೆ. ಈ ವಾಕ್ಯ ಬಹಳ ಜನರಿಗೆ ಸೋಲೊಪ್ಪಿದ ಮಾತಾಗಿ ಕೇಳಿಸುತ್ತದೆ. ಅದು ಯಾವಾಗ ಸೋಲು, ಯಾವಾಗ ಒಳ್ಳೆಯ ವಿಜ್ಞಾನ ಎಂಬುದು ಈ ಅಧ್ಯಾಯದ ವಿಷಯ.

ನಾಲ್ಕೇ ಬೇಡಿಕೆ

ಪಿಸ್ಟನ್ ಎಂಜಿನ್ ಕೇಳುವುದು ನಾಲ್ಕನ್ನು: ಗಾಳಿ, ಇಂಧನ, ಸರಿಯಾದ ಹೊತ್ತಿಗೆ ಕಿಡಿ, ಮತ್ತು ಸಿಲಿಂಡರಿನೊಳಗೆ ಸೋರದ ಒತ್ತಡ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು ಸುಮಾರು 15 ಪಾಲು ಗಾಳಿ ಬೇಕು. ಎಂಜಿನ್ ಸೊರಗಿದೆ ಎಂದರೆ ಈ ನಾಲ್ಕರಲ್ಲಿ ಒಂದು ಕಡಿಮೆಯಾಗಿದೆ ಅಥವಾ ಪ್ರಮಾಣ ತಪ್ಪಿದೆ. ಐದನೆಯ ಕಾರಣ ಇಲ್ಲ. ಹಾಗಾಗಿ ಅನುಭವಿ ತನಿಖಾಧಿಕಾರಿ ‘ಏನಾಗಿರಬಹುದು’ ಎಂದು ಊಹಿಸುತ್ತ ಕೂರುವುದಿಲ್ಲ. ನಾಲ್ಕು ದಾರಿಗಳನ್ನೂ ಒಂದೊಂದಾಗಿ ಕೊನೆಯತನಕ ನಡೆದು ನೋಡುತ್ತಾನೆ.

ಮೊದಲು ಪ್ರೊಪೆಲರ್. ನೆಲಕ್ಕೆ ಬಡಿದಾಗ ಎಂಜಿನ್ ಶಕ್ತಿ ಕೊಡುತ್ತಿದ್ದರೆ ಅದರ ಅಲಗುಗಳು ತಿರುಚಿಕೊಳ್ಳುತ್ತವೆ, ತುದಿಗಳು ಮುಂದಕ್ಕೆ ಬಾಗುವುದೂ ಉಂಟು, ಅಲಗಿನ ಅಗಲಕ್ಕೆ ಅಡ್ಡಡ್ಡವಾಗಿ ಗೀರುಗಳು ಬೀಳುತ್ತವೆ. ತಿರುಗದೆ ನಿಂತಿದ್ದರೆ ಒಂದು ಅಲಗು ಹಿಂದಕ್ಕೆ ಮಡಚಿಕೊಂಡು ಇನ್ನೊಂದು ನೆಟ್ಟಗೆ ಉಳಿದಿರುತ್ತದೆ. ‘ಎಂಜಿನ್ ನಿಂತುಹೋಗಿತ್ತು’ ಎಂಬ ಪೈಲಟ್‌ನ ಮಾತಿಗೆ ಲೋಹ ಹೇಳುವ ಸಾಕ್ಷಿ ಇದು.

ಆಮೇಲೆ ಸ್ಪಾರ್ಕ್ ಪ್ಲಗ್‌ಗಳು. ವಿಮಾನದ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡು ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಪ್ರತ್ಯೇಕ ಮ್ಯಾಗ್ನೆಟೊ. ಒಂದು ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬ ಮುಂಜಾಗ್ರತೆ. ಪ್ಲಗ್ ತುದಿ ತಿಳಿ ಬೂದು ಅಥವಾ ಕಂದಾಗಿದ್ದರೆ ಉರಿ ಸರಿಯಿತ್ತು. ಕಪ್ಪು ಮಸಿ ಹಿಡಿದಿದ್ದರೆ ಇಂಧನ ಹೆಚ್ಚಾಗಿತ್ತು. ಪ್ಲಗ್ ಬಿಚ್ಚಿದ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಂದ ಪ್ರೊಪೆಲರನ್ನು ಕೈಯಲ್ಲಿ ತಿರುಗಿಸುತ್ತಾರೆ. ಬೆರಳನ್ನು ಗಾಳಿ ಹೊರದಬ್ಬಿದರೆ ಆ ಸಿಲಿಂಡರಿನ ಒತ್ತಡ ಚೆನ್ನಾಗಿದೆ, ಒಳಗಿನ ಗಿಯರುಗಳೂ ವಾಲ್ವುಗಳೂ ಒಂದಕ್ಕೊಂದು ಹೊಂದಿ ಚಲಿಸುತ್ತಿವೆ ಎಂದರ್ಥ. ಮ್ಯಾಗ್ನೆಟೊ ಬಿಚ್ಚಿ ತಿರುಗಿಸಿ ಒಂದೊಂದು ತಂತಿಯಲ್ಲೂ ಕಿಡಿ ಹಾರುತ್ತದೆಯೇ ನೋಡುತ್ತಾರೆ. ಇಂಧನ ಶೋಧಕದ ತಳದ ಬಟ್ಟಲು ಕಳಚಿ, ನೀರು ತಗುಲಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚುತ್ತಾರೆ. ಎಂಜಿನ್ನಿಗೆ ಹೆಚ್ಚು ಪೆಟ್ಟಾಗಿಲ್ಲದಿದ್ದರೆ ಅದನ್ನು ಪರೀಕ್ಷಾ ಚೌಕಟ್ಟಿಗೆ ಬಿಗಿದು, ಬೇರೆ ಪ್ರೊಪೆಲರ್ ತೊಡಿಸಿ ಪೂರ್ತಿ ವೇಗದಲ್ಲಿ ಓಡಿಸಿ ನೋಡುವುದೂ ಇದೆ.

ಇಂಧನವಿತ್ತು, ಆದರೂ…

ನಾಲ್ಕು ದಾರಿಗಳಲ್ಲಿ ಇಂಧನದ್ದೇ ಹೆಚ್ಚು ಕವಲುಗಳಿರುವ ದಾರಿ. ಟ್ಯಾಂಕ್ ಬರಿದಾಗುವುದು ಒಂದು, ಟ್ಯಾಂಕಿನಲ್ಲಿದ್ದರೂ ಎಂಜಿನ್ನಿಗೆ ತಲುಪದಿರುವುದು ಇನ್ನೊಂದು. 1997ರ ಅಕ್ಟೋಬರ್ 12ರಂದು ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ಮಾಂಟೆರೆ ಕೊಲ್ಲಿಯಲ್ಲಿ ಸತ್ತದ್ದು ಈ ಎರಡನೆಯ ಕವಲಿನಲ್ಲಿ. ಅವರ ಲಾಂಗ್-ಈಜೆಡ್ ವಿಮಾನವನ್ನು ಹವ್ಯಾಸಿಯೊಬ್ಬರು ಕಟ್ಟಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿಕೆಯನ್ನು, ಮೂಲ ವಿನ್ಯಾಸದಲ್ಲಿದ್ದ ಜಾಗ ಬಿಟ್ಟು, ಪೈಲಟ್‌ನ ಎಡ ಭುಜದ ಹಿಂದೆ ಕೂರಿಸಿದ್ದರು. ಅದನ್ನು ತಿರುಗಿಸಬೇಕಾದರೆ ಮೈ ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಕಾಲು ತಾನಾಗಿ ಬಲ ಪೆಡಲನ್ನು ಒತ್ತುತ್ತದೆ, ವಿಮಾನ ಹಿಡಿತ ತಪ್ಪುತ್ತದೆ. ಎನ್‌ಟಿಎಸ್‌ಬಿ ಪೈಲಟ್‌ನ ತಪ್ಪನ್ನು ಮಾತ್ರ ಬರೆದು ಸುಮ್ಮನಾಗಲಿಲ್ಲ. ಹಿಡಿಕೆಯ ಜಾಗ, ಅದರ ಮೇಲೆ ಗುರುತುಗಳಿಲ್ಲದಿರುವುದು, ಇಂಧನ ಮಾಪಕದ ಮೇಲೂ ಗುರುತಿಲ್ಲದಿರುವುದು, ಆ ಬಗೆಯ ವಿಮಾನದಲ್ಲಿ ಸಾಕಷ್ಟು ತರಬೇತಿ ಇಲ್ಲದಿರುವುದು, ಎಲ್ಲವನ್ನೂ ಪಟ್ಟಿ ಮಾಡಿತು.

ಮೂರನೆಯ ಕವಲು ತಪ್ಪು ಇಂಧನದ್ದು. ಪಿಸ್ಟನ್ ವಿಮಾನಗಳು ಬಳಸುವ 100ಎಲ್ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಜೆಟ್ ಇಂಧನ ಸೀಮೆಎಣ್ಣೆಯ ಜಾತಿಯದು, ಬಣ್ಣವಿಲ್ಲದ್ದು ಅಥವಾ ತೆಳು ಹಳದಿ. ಅದನ್ನು ಪಿಸ್ಟನ್ ಎಂಜಿನ್ನಿಗೆ ಹಾಕಿದರೂ ಎಂಜಿನ್ ಚಾಲೂ ಆಗುತ್ತದೆ, ರನ್‌ವೇವರೆಗೂ ಸಾಗುತ್ತದೆ, ಏಕೆಂದರೆ ಕೊಳವೆಗಳಲ್ಲಿ ಹಳೆಯ ಪೆಟ್ರೋಲ್ ಉಳಿದಿರುತ್ತದೆ. ಅದು ಮುಗಿಯುವ ಹೊತ್ತಿಗೆ ವಿಮಾನ ಗಾಳಿಯಲ್ಲಿರುತ್ತದೆ. ಪ್ರಸಿದ್ಧ ವೈಮಾನಿಕ ಬಾಬ್ ಹೂವರ್ ಅವರ ಎರಡು ಎಂಜಿನ್ನುಗಳ ಶ್ರೈಕ್ ಕಮಾಂಡರ್ ವಿಮಾನಕ್ಕೆ ಸ್ಯಾನ್ ಡಿಯೇಗೊದಲ್ಲಿ ಹೀಗೇ ಆಯಿತು. ಮೇಲೇರಿದ ಸ್ವಲ್ಪದರಲ್ಲೇ ಎರಡೂ ಎಂಜಿನ್ ಕೈಕೊಟ್ಟವು. ಹೂವರ್ ಮತ್ತು ಜೊತೆಗಿದ್ದ ಇಬ್ಬರು ಬದುಕಿಕೊಂಡರು. ನಿಲ್ದಾಣಕ್ಕೆ ಮರಳಿದ ಹೂವರ್, ತಪ್ಪು ಇಂಧನ ತುಂಬಿದ ಹುಡುಗನನ್ನು ಹುಡುಕಿ ಮಾತಾಡಿಸಿ, ಮಾರನೆಯ ದಿನ ತಮ್ಮ ವಿಮಾನಕ್ಕೆ ಅವನೇ ಇಂಧನ ತುಂಬಬೇಕೆಂದು ಹೇಳಿದರು. ಅವನು ಇನ್ನೆಂದೂ ಆ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಅವರದು. ಆ ಘಟನೆಯ ಫಲವಾಗಿ ಜೆಟ್ ಇಂಧನದ ಪಂಪಿಗೆ ಅಗಲ ಚಪ್ಪಟೆ ಬಾಯಿಯ ನಳಿಕೆ ಬಂತು. ಪಿಸ್ಟನ್ ವಿಮಾನದ ಟ್ಯಾಂಕಿನ ಕಿರಿದು ಬಾಯೊಳಗೆ ಅದು ತೂರುವುದೇ ಇಲ್ಲ. ಇವತ್ತಿಗೂ ಅದರ ಹೆಸರು ‘ಹೂವರ್ ನಳಿಕೆ’. ಇಂಧನದ ಬಗ್ಗೆ ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಸಾಕು. ಪೆಟ್ರೋಲ್ ಆವಿಯಾಗಿ ಕಾಗದ ಸ್ವಚ್ಛವಾಗುತ್ತದೆ, ಜೆಟ್ ಇಂಧನ ಬೆರೆತಿದ್ದರೆ ಎಣ್ಣೆಯ ಉಂಗುರ ಉಳಿಯುತ್ತದೆ.

ಬಂದು ಹೋಗುವ ದೋಷಗಳು

ಇಲ್ಲಿಯವರೆಗಿನ ದೋಷಗಳೆಲ್ಲ ಗುರುತು ಉಳಿಸುವಂಥವು. ತನಿಖೆಯ ನಿಜವಾದ ಪರೀಕ್ಷೆ ಇರುವುದು ಕಾಣಿಸಿಕೊಂಡು ಮರೆಯಾಗುವ ದೋಷಗಳಲ್ಲಿ.

ಟ್ಯಾಂಕಿನ ಇಂಧನ ಇಳಿದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೊಂದು ಸಣ್ಣ ಗಾಳಿಕೊಳವೆ ಇರುತ್ತದೆ. ವಿಮಾನ ನಿಂತಿದ್ದಾಗ ಕಣಜವೊಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿದರೆ ಹಾರಾಟದ ಮೊದಲ ಹೊತ್ತು ಏನೂ ತಿಳಿಯುವುದಿಲ್ಲ. ಇಂಧನ ಖರ್ಚಾದಂತೆಲ್ಲ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತದೆ, ಹರಿವು ಕ್ಷೀಣಿಸುತ್ತದೆ, ಎಂಜಿನ್ ಸೊರಗುತ್ತದೆ. ನೆಲಕ್ಕಿಳಿದ ಮೇಲೆ ಇಂಧನ ಎಷ್ಟಿದೆ ನೋಡೋಣವೆಂದು ಯಾರೋ ಮುಚ್ಚಳ ತೆರೆಯುತ್ತಾರೆ. ‘ಸುಂಯ್’ ಎಂದು ಗಾಳಿ ಒಳನುಗ್ಗುತ್ತದೆ. ಆ ಸದ್ದನ್ನು ಯಾರೂ ಗಮನಿಸದಿದ್ದರೆ ಮುಖ್ಯ ಸಾಕ್ಷ್ಯ ಅಲ್ಲಿಗೆ ಹೋಯಿತು. ಎಂಜಿನ್ ಮತ್ತೆ ಸರಾಗವಾಗಿ ಓಡುತ್ತದೆ.

ಮ್ಯಾಗ್ನೆಟೊದೊಳಗಿನ ಸುರುಳಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಣ್ಣಗಿದ್ದಾಗ ಕಿಡಿ ಚೆನ್ನಾಗಿಯೇ ಬರುತ್ತದೆ. ಕಾದು ಹಿಗ್ಗಿದಾಗ ಬಿರುಕು ಬಾಯಿಬಿಟ್ಟು ಕಿಡಿ ನಿಲ್ಲುತ್ತದೆ. ಮರುದಿನ ಕಾರ್ಯಾಗಾರದ ಮೇಜಿನ ಮೇಲೆ ತಣ್ಣಗೆ ಕುಳಿತ ಮ್ಯಾಗ್ನೆಟೊ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಆದ್ದರಿಂದ ಬಲ್ಲವರು ಅದನ್ನು ಬಿಸಿ ಮಾಡಿ ಪರೀಕ್ಷಿಸುತ್ತಾರೆ. ಸೈಲೆನ್ಸರ್ ಒಳಗಿನ ತಗಡು ತುಕ್ಕುಹಿಡಿದು ಕಳಚಿದರೆ ಆ ತುಂಡು ಹೊಗೆ ಹೋಗುವ ದಾರಿಗೆ ಅಡ್ಡ ಬಂದು ಶಕ್ತಿ ಇಳಿಸುತ್ತದೆ. ಇಳಿಯುವಾಗಿನ ಕುಲುಕಾಟಕ್ಕೆ ಅದೇ ತುಂಡು ಪಕ್ಕಕ್ಕೆ ಸರಿದು ದಾರಿ ತೆರೆದುಕೊಳ್ಳಬಹುದು.

ಇನ್ನೊಂದು, ಅಂಟಿಕೊಳ್ಳುವ ವಾಲ್ವ್. ಹೊಗೆ ಹೊರಬಿಡುವ ವಾಲ್ವಿನ ಕಾಂಡ ಜಾರುವ ಕೊಳವೆಯಲ್ಲಿ ಸೀಸ, ಇಂಗಾಲದ ಕಿಟ್ಟ ಕಟ್ಟಿಕೊಂಡರೆ ವಾಲ್ವ್ ಅರ್ಧದಲ್ಲಿ ಸಿಕ್ಕಿಬೀಳುತ್ತದೆ. ಆ ಸಿಲಿಂಡರ್ ಸತ್ತಂತಾಗಿ ಎಂಜಿನ್ ಗದಗದನೆ ನಡುಗುತ್ತದೆ. ಕೆಲವು ನಿಮಿಷದಲ್ಲಿ ತಾನೇ ಬಿಡಿಸಿಕೊಳ್ಳಲೂಬಹುದು. ಇದಕ್ಕೆ ಮುನ್ಸೂಚನೆ ಇರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಎಂಜಿನ್ ಒಂದೆರಡು ನಿಮಿಷ ಮುಗ್ಗರಿಸಿ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಸರಿಹೋಯಿತಲ್ಲ ಎಂದು ಹಾರಿಬಿಡುವವರೇ ಹೆಚ್ಚು. ತನಿಖಾಧಿಕಾರಿ ಇಂಥ ಹಿಂದಿನ ಮುಗ್ಗರಿಕೆಗಳನ್ನು ಲಾಗ್ ಪುಸ್ತಕದಲ್ಲಿ, ಮೆಕ್ಯಾನಿಕ್‌ನ ಬಿಲ್ಲಿನಲ್ಲಿ, ಜೊತೆಯಲ್ಲಿ ಹಾರಿದವರ ನೆನಪಿನಲ್ಲಿ ಹುಡುಕುತ್ತಾನೆ.

ಬೇಸಿಗೆಯಲ್ಲೂ ಹಿಮ

ಮಾಯವಾಗುವ ಕಾರಣಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು ಕಾರ್ಬ್ಯುರೇಟರಿನೊಳಗೆ ಕಟ್ಟುವ ಹಿಮ. ಅದರ ಭೌತವಿಜ್ಞಾನ ಚೆಂದವಾಗಿದೆ.

ಕಾರ್ಬ್ಯುರೇಟರಿನ ಗಂಟಲು ನಡುವೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡವೇ ಪೆಟ್ರೋಲನ್ನು ಹೀರಿ ತುಂತುರಾಗಿಸುತ್ತದೆ. ಒತ್ತಡ ಇಳಿದಾಗ ಗಾಳಿ ಸ್ವಲ್ಪ ತಣ್ಣಗಾಗುತ್ತದೆ. ಇನ್ನೂ ಹೆಚ್ಚು ತಂಪು ಬರುವುದು ಪೆಟ್ರೋಲ್ ಆವಿಯಾಗುವುದರಿಂದ. ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಚಳಿ ಎನಿಸುತ್ತದಲ್ಲ, ಅದೇ ಕ್ರಿಯೆ. ದ್ರವ ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಸುತ್ತಲಿನ ಗಾಳಿಯಿಂದ, ಲೋಹದಿಂದ ಕಿತ್ತುಕೊಳ್ಳುತ್ತದೆ. ಎರಡೂ ಸೇರಿ ಆ ಗಂಟಲಿನಲ್ಲಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 20 ಡಿಗ್ರಿಯ ಹಿತವಾದ ಹವೆ ಇದ್ದಾಗಲೂ ಒಳಗೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಾಳಿಯಲ್ಲಿದ್ದ ನೀರಾವಿ ಥ್ರಾಟಲ್‌ನ ತಟ್ಟೆಯ ಅಂಚಿನಲ್ಲಿ ಹಿಮವಾಗಿ ಕೂರತೊಡಗುತ್ತದೆ. ದಾರಿ ಕಿರಿದಾಗುತ್ತದೆ, ಗಾಳಿ ಕಡಿಮೆಯಾಗುತ್ತದೆ, ಎಂಜಿನ್ ಮೆಲ್ಲಗೆ ಬಲ ಕಳೆದುಕೊಳ್ಳುತ್ತದೆ.

ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕಡಿಮೆ, ಆರ್ದ್ರತೆ ಶೇಕಡಾ 80ಕ್ಕಿಂತ ಹೆಚ್ಚು ಇದ್ದಾಗ ಈ ಅಪಾಯ ಹೆಚ್ಚು ಎಂದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕಲಿಸುತ್ತದೆ. 38 ಡಿಗ್ರಿ ಬಿಸಿಯಲ್ಲಿ, ಶೇಕಡಾ 50ರ ಆರ್ದ್ರತೆಯಲ್ಲೂ ಸಾಧ್ಯವಿದೆ ಎಂಬ ಎಚ್ಚರಿಕೆಯೂ ಜೊತೆಗಿದೆ. ಬೆಂಗಳೂರಿನ ಜುಲೈ ಮುಂಜಾವನ್ನು ನೆನಪಿಸಿಕೊಳ್ಳಿ. ಉಷ್ಣತೆ 20ರ ಆಸುಪಾಸು, ಸಣ್ಣ ಜಿಟಿಜಿಟಿ, ಗಾಳಿಯ ತುಂಬ ತೇವ. ಜಕ್ಕೂರಿನಿಂದ ಅಂಥ ಬೆಳಿಗ್ಗೆ ಹಾರುವ ಯಾವ ಕಾರ್ಬ್ಯುರೇಟರ್ ಎಂಜಿನ್ನಿಗೂ ಈ ಹಿಮದ ಭಯ ಯುರೋಪಿನಷ್ಟೇ ನಿಜ.

ಪೈಲಟ್‌ಗೆ ಇದರ ಮೊದಲ ಸುಳಿವು ಸುತ್ತುಗಳ ಮಾಪಕದಲ್ಲಿ. ಮುಳ್ಳು ಬಹಳ ನಿಧಾನವಾಗಿ ಇಳಿಯುತ್ತದೆ. ಅರಿವಿಲ್ಲದೆಯೇ ಥ್ರಾಟಲನ್ನು ಕೊಂಚ ಮುಂದೊತ್ತಿ ಸರಿದೂಗಿಸುವುದು ಸಹಜ, ಅದರಿಂದ ಸುಳಿವೇ ಮುಚ್ಚಿಹೋಗುತ್ತದೆ. ಪರಿಹಾರ ಕೈಯಳತೆಯಲ್ಲೇ ಇರುತ್ತದೆ. ಒಂದು ಹಿಡಿಕೆ ಎಳೆದರೆ ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿ ಕಾರ್ಬ್ಯುರೇಟರಿಗೆ ಹೋಗುತ್ತದೆ. ಆದರೆ ಇಲ್ಲೊಂದು ಇಕ್ಕಟ್ಟಿದೆ. ಬಿಸಿ ಗಾಳಿ ತೆಳುವಾದ್ದರಿಂದ ಎಂಜಿನ್ ಮೊದಲು ಇನ್ನಷ್ಟು ಸೊರಗುತ್ತದೆ, ಕರಗಿದ ನೀರು ಸಿಲಿಂಡರಿಗೆ ಹೋಗಿ ಕೆಮ್ಮಿದಂತೆ ಸದ್ದು ಮಾಡುತ್ತದೆ. ಗಾಬರಿಯಾದವರು ಹಿಡಿಕೆಯನ್ನು ವಾಪಸ್ ತಳ್ಳಿಬಿಡುತ್ತಾರೆ. ತಾಳಿಕೊಂಡು ಕಾದರೆ ಸುತ್ತುಗಳು ಮೊದಲಿಗಿಂತ ಮೇಲೇರುತ್ತವೆ. ತಡ ಮಾಡಿದರೆ ಎಂಜಿನ್ನೇ ನಿಂತು ಹೊಗೆಕೊಳವೆ ಆರಿಹೋಗುತ್ತದೆ, ಕರಗಿಸಲು ಬಿಸಿಯೇ ಇರುವುದಿಲ್ಲ.

ಈಗ ತನಿಖೆಯ ಕಷ್ಟ ನೋಡಿ. ಬಹಳಷ್ಟು ಲೈಕಮಿಂಗ್ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರ್ ಬಿಗಿದಿರುವುದು ಬಿಸಿ ಎಣ್ಣೆ ತುಂಬಿದ ತೊಟ್ಟಿಯ ತಳಕ್ಕೆ. ವಿಮಾನ ನೆಲಕ್ಕೆ ಬಿದ್ದ ಮೇಲೆ ಒಳಗೆ ಹರಿಯುವ ತಂಪು ಗಾಳಿಯಿಲ್ಲ, ಆವಿಯಾಗುವ ಪೆಟ್ರೋಲಿಲ್ಲ, ಮೇಲಿನಿಂದ ಲೋಹದ ಬಿಸಿ ಇಳಿಯುತ್ತಿದೆ. ಮೊದಲ ಪೊಲೀಸ್ ವಾಹನ ಬರುವ ಮುಂಚೆಯೇ ಹಿಮ ನೀರಾಗಿ ನೀರು ಆವಿಯಾಗಿರುತ್ತದೆ. ತನಿಖಾಧಿಕಾರಿಗೆ ಸಿಗುವುದು ಒಣಗಿದ, ಕುಂದಿಲ್ಲದ ಕಾರ್ಬ್ಯುರೇಟರ್. ಆಗ ಅವರು ಹವಾಮಾನ ಕೇಂದ್ರದ ದಾಖಲೆಯಿಂದ ಆ ಹೊತ್ತಿನ ಉಷ್ಣತೆಯನ್ನೂ ಇಬ್ಬನಿ ಬಿಂದುವನ್ನೂ ತೆಗೆದು, ಹಿಮದ ಸಾಧ್ಯತೆ ತೋರಿಸುವ ನಕ್ಷೆಯ ಮೇಲೆ ಚುಕ್ಕಿ ಇಡುತ್ತಾರೆ. ಚುಕ್ಕಿ ‘ತೀವ್ರ’ ಎಂಬ ವಲಯದಲ್ಲಿ ಬಿತ್ತು, ಉಳಿದ ಮೂರು ದಾರಿಗಳಲ್ಲೂ ದೋಷ ಸಿಗಲಿಲ್ಲ, ಎಂಜಿನ್ ಪರೀಕ್ಷೆಯಲ್ಲಿ ಚೆನ್ನಾಗಿ ಓಡಿತು ಎಂದರೆ ‘ಹಿಮವೇ ಕಾರಣವಿರುವ ಸಂಭವ ಹೆಚ್ಚು’ ಎನ್ನಬಹುದು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ಊಹೆಯಾಗುತ್ತದೆ.

ಸದ್ದಿನ ಲೆಕ್ಕ

ಖಾಸಗಿ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ. ಆದರೆ ಈಗ ಅದರ ಬದಲಿಗೆ ಬೇರೆ ಸಾಕ್ಷಿಗಳಿವೆ. ಪ್ರಯಾಣಿಕರ ಮೊಬೈಲ್ ವಿಡಿಯೊ, ಮನೆಯೊಂದರ ಸಿಸಿಟಿವಿ, ನಿಯಂತ್ರಣ ಗೋಪುರಕ್ಕೆ ಮಾತಾಡುವಾಗ ಪೈಲಟ್‌ನ ಮೈಕ್ ಹಿಡಿದ ಹಿನ್ನೆಲೆ ಸದ್ದು. ಎರಡು ಅಲಗಿನ ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 40 ಸುತ್ತು, ಅಂದರೆ 80 ಸಲ ಅಲಗು ಗಾಳಿಯನ್ನು ಸೀಳುತ್ತದೆ. ಧ್ವನಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದಾಗ 80 ಹರ್ಟ್ಸ್‌ನಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. ಆ ಗೆರೆ 60ಕ್ಕಿಳಿದರೆ ಸುತ್ತು 1,800ಕ್ಕಿಳಿದಿದೆ. ಹೊರಗಿನ ಕ್ಯಾಮರಾ ಆಗಿದ್ದರೆ ವಿಮಾನ ಹತ್ತಿರ ಬರುವಾಗ, ದೂರ ಸಾಗುವಾಗ ಸ್ವರ ಬದಲಾಗುವ ಡಾಪ್ಲರ್ ಪರಿಣಾಮವನ್ನು ಲೆಕ್ಕದಿಂದ ಕಳೆಯಬೇಕು.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಒಂದು ಸತ್ತರೆ 2,400 ಸುತ್ತಿನಲ್ಲಿ ಸೆಕೆಂಡಿಗೆ 20 ಸಲ ಆ ಏಟು ತಪ್ಪುತ್ತದೆ, ಧ್ವನಿಯಲ್ಲಿ 20 ಹರ್ಟ್ಸ್‌ನ ಹೊಸ ಗೆರೆ ಮೂಡುತ್ತದೆ. ಹೊಸ ಗೆರೆ ಮೂಡದೆ ಮುಖ್ಯ ಗೆರೆ ಮಾತ್ರ ನಿಧಾನಕ್ಕೆ ಜಾರಿದರೆ ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಸೊರಗಿವೆ. ಮೊದಲನೆಯದು ವಾಲ್ವ್ ಅಥವಾ ಪ್ಲಗ್ಗಿನತ್ತ ಬೊಟ್ಟು ಮಾಡುತ್ತದೆ, ಎರಡನೆಯದು ಹಿಮ ಅಥವಾ ಇಂಧನದತ್ತ.

ಇತ್ತೀಚಿನ ಅನೇಕ ವಿಮಾನಗಳಲ್ಲಿ ಪ್ರತಿ ಸಿಲಿಂಡರಿನ ಹೊಗೆಯ ಉಷ್ಣತೆಯನ್ನು ಬರೆದಿಡುವ ಮಾಪಕಗಳಿವೆ. ಒಂದೇ ಸಿಲಿಂಡರಿನ ಉಷ್ಣತೆ ಕುಸಿದರೆ ಅದು ಉರಿಯುತ್ತಿಲ್ಲ. ಎಲ್ಲವೂ ಒಟ್ಟಿಗೆ ಕುಸಿದರೆ ಇಂಧನ ನಿಂತಿದೆ. ಎಲ್ಲವೂ ಒಟ್ಟಿಗೆ ಏರಿದರೆ ಒಂದು ಮ್ಯಾಗ್ನೆಟೊ ಕೈಕೊಟ್ಟಿರಬಹುದು, ಏಕೆಂದರೆ ಒಂದೇ ಕಿಡಿಯಿಂದ ಉರಿ ನಿಧಾನವಾಗಿ ಹಬ್ಬಿ, ಇನ್ನೂ ಉರಿಯುತ್ತಿರುವ ಅನಿಲ ಹೊರಬೀಳುತ್ತದೆ. ಸಾಕ್ಷ್ಯ ಕರಗಿದರೂ ಅದು ಇದ್ದಾಗಿನ ಪರಿಣಾಮ ಅಂಕಿಗಳಲ್ಲಿ ಉಳಿದಿರುತ್ತದೆ.

ಎರಡನೆಯ ಘಟನೆ ಕೊಟ್ಟ ಉತ್ತರ

ಕರಗುವ ಸಾಕ್ಷ್ಯವನ್ನು ಹಿಡಿದದ್ದಕ್ಕೆ ಅತ್ಯುತ್ತಮ ಉದಾಹರಣೆ ದೊಡ್ಡ ವಿಮಾನವೊಂದರದು. 2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ಲಂಡನ್ನಿನ ಹೀಥ್ರೂನಲ್ಲಿ ಇಳಿಯಲಿತ್ತು. ನೆಲದಿಂದ ಸುಮಾರು 720 ಅಡಿ ಎತ್ತರದಲ್ಲಿ ಬಲ ಎಂಜಿನ್ನಿನ ಶಕ್ತಿ ಕುಸಿಯಿತು, ಏಳು ಸೆಕೆಂಡಿನ ಬಳಿಕ ಎಡ ಎಂಜಿನ್ನಿನದೂ. ವಿಮಾನ ರನ್‌ವೇ ತಲುಪದೆ ಹುಲ್ಲಿನ ಮೇಲೆ ಬಿತ್ತು. ಒಳಗಿದ್ದ 152 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಟ್ಯಾಂಕುಗಳಲ್ಲಿ ಇಂಧನವಿತ್ತು, ಅದು ಶುದ್ಧವೂ ಆಗಿತ್ತು. ಬಹುಹೊತ್ತಿನ ಚಳಿಯ ಹಾರಾಟದಲ್ಲಿ ಅದರ ಉಷ್ಣತೆ ಮೈನಸ್ 34 ಡಿಗ್ರಿವರೆಗೆ ಇಳಿದಿತ್ತು, ಆದರೆ ಆ ಇಂಧನ ಹೆಪ್ಪುಗಟ್ಟಲು ಮೈನಸ್ 57 ಬೇಕಿತ್ತು. ಸಿಕ್ಕ ಸುಳಿವು ಒಂದೇ: ಇಂಧನ ಪಂಪುಗಳ ಒಳಮೈಯಲ್ಲಿ ಹೊಸ ಸವೆತದ ಗುರುತು. ಪಂಪಿಗೆ ಬರುವ ದಾರಿ ಎಲ್ಲೋ ಕಟ್ಟಿಕೊಂಡಾಗ ಹುಟ್ಟುವ ಗುಳ್ಳೆಗಳು ಅಂಥ ಗುರುತು ಮಾಡುತ್ತವೆ. ಕಟ್ಟಿಕೊಂಡದ್ದು ಏನು? ಎಲ್ಲ ಇಂಧನದಲ್ಲೂ ಅಣುಪ್ರಮಾಣದ ನೀರು ಇದ್ದೇ ಇರುತ್ತದೆ. ಆ ನೀರು ಹಿಮವಾಗಿ ಕೊಳವೆಯ ಒಳಗೋಡೆಗೆ ಅಂಟಿರಬೇಕು, ಇಳಿಯುವಾಗ ಹರಿವು ಹೆಚ್ಚಿದಾಗ ಒಟ್ಟಿಗೆ ಕಳಚಿಕೊಂಡು ಬಂದಿರಬೇಕು ಎಂಬ ಊಹೆ ಹುಟ್ಟಿತು. ತಿಂಗಳುಗಟ್ಟಲೆ ಪ್ರಯೋಗ ನಡೆಯಿತು. ಇಂಧನವನ್ನು ಬಿಸಿ ಎಣ್ಣೆಯಿಂದ ಬೆಚ್ಚಗಾಗಿಸುವ ಉಪಕರಣದ ಮುಖದಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳು ಕೆಲವು ಮಿಲಿಮೀಟರ್ ಹೊರಚಾಚಿಕೊಂಡಿದ್ದವು. ಹಿಮ ಅಲ್ಲಿ ಬಂದು ಕೂತರೆ ಹರಿವು ಕಟ್ಟಿಹೋಗುವುದು ಪ್ರಯೋಗಾಲಯದಲ್ಲಿ ಕಂಡಿತು.

ಅದೇ ವರ್ಷ ನವೆಂಬರ್ 26ರಂದು ಶಾಂಘೈನಿಂದ ಅಟ್ಲಾಂಟಾಗೆ ಹೋಗುತ್ತಿದ್ದ ಡೆಲ್ಟಾ ಕಂಪನಿಯ 777 ವಿಮಾನದ ಒಂದು ಎಂಜಿನ್ ಅಮೆರಿಕದ ಮೊಂಟಾನಾ ರಾಜ್ಯದ ಮೇಲೆ ಹಾಗೆಯೇ ಸೊರಗಿತು. ಅದೇ ಬಗೆಯ ಎಂಜಿನ್, ಅದೇ ಉಪಕರಣ. ಪೈಲಟ್‌ಗಳು ಹೀಥ್ರೂ ತನಿಖೆಯಿಂದ ಹುಟ್ಟಿದ ಹೊಸ ಸೂಚನೆಯಂತೆ ಶಕ್ತಿ ತಗ್ಗಿಸಿದರು, ಎಂಜಿನ್ ಚೇತರಿಸಿಕೊಂಡಿತು, ಎಲ್ಲ ದತ್ತಾಂಶವೂ ದಾಖಲಾಯಿತು. ಊಹೆಗೆ ಬಲ ಬಂತು. ಹೊರಚಾಚಿದ ಕೊಳವೆಗಳ ಬದಲಿಗೆ ಸಮತಟ್ಟಾದ ಮುಖವಿರುವ ಹೊಸ ಉಪಕರಣವನ್ನು ವಿಮಾನಗಳಿಗೆ ಜೋಡಿಸಲಾಯಿತು. ಬ್ರಿಟನ್ನಿನ ತನಿಖಾ ಸಂಸ್ಥೆಯ ಅಂತಿಮ ವರದಿ 2010ರ ಫೆಬ್ರುವರಿಯಲ್ಲಿ ಹೊರಬಂತು.

ಹೀಥ್ರೂ ಘಟನೆಯ ತನಿಖೆಯನ್ನು ಮೊದಲ ತಿಂಗಳಲ್ಲೇ ಪೈಲಟ್‌ಗಳ ತಲೆಗೆ ಕಟ್ಟಿ ಮುಗಿಸಿಬಿಟ್ಟಿದ್ದರೆ ಡೆಲ್ಟಾ ವಿಮಾನದ ಪೈಲಟ್‌ಗಳ ಕೈಗೆ ಆ ಸೂಚನೆ ಬರುತ್ತಲೇ ಇರಲಿಲ್ಲ. ಏನನ್ನು ಪರೀಕ್ಷಿಸಿದೆವು, ಯಾವುದನ್ನು ತಳ್ಳಿಹಾಕಿದೆವು, ಯಾವುದು ಇನ್ನೂ ಉಳಿದಿದೆ ಎಂದು ಬರೆದಿಟ್ಟದ್ದರಿಂದಲೇ ಎರಡನೆಯ ಘಟನೆ ಮೊದಲನೆಯದಕ್ಕೆ ಉತ್ತರವಾಯಿತು.

ತೆರೆದಿಟ್ಟ ಕಡತ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧ ಅಪಘಾತ ತನಿಖೆಯ ಉದ್ದೇಶವನ್ನು ಸ್ಪಷ್ಟವಾಗಿ ಹೇಳುತ್ತದೆ: ಮುಂದಿನ ಅಪಘಾತ ತಡೆಯುವುದೊಂದೇ ಗುರಿ, ತಪ್ಪು ಹೊರಿಸುವುದು ತನಿಖೆಯ ಕೆಲಸವಲ್ಲ. ಭಾರತದಲ್ಲಿ 2012ರಲ್ಲಿ ರೂಪುಗೊಂಡ ವಿಮಾನ ಅಪಘಾತ ತನಿಖಾ ಬ್ಯೂರೊ ಕೂಡ ಇದೇ ತತ್ವದ ಮೇಲೆ ನಿಂತಿದೆ.

‘ಕಾರಣ ನಿರ್ಧರಿಸಲಾಗಲಿಲ್ಲ’ ಎಂಬ ವಾಕ್ಯದ ಹಿಂದೆ ಏನೂ ಹುಡುಕದ ಆಲಸ್ಯವಿದ್ದರೆ ಅದು ಸೋಲೇ ಸರಿ. ಆದರೆ ಅದರ ಹಿಂದೆ ಬಿಚ್ಚಿ ನೋಡಿದ ಮ್ಯಾಗ್ನೆಟೊ, ಅಳೆದು ನೋಡಿದ ಒತ್ತಡ, ನಕ್ಷೆಯ ಮೇಲಿಟ್ಟ ಇಬ್ಬನಿ ಬಿಂದು, ಲೆಕ್ಕ ಹಾಕಿದ ಧ್ವನಿ ಇದ್ದರೆ ಅದು ಮುಂದೆ ಬರುವ ತನಿಖಾಧಿಕಾರಿಗೆ ಬಿಟ್ಟುಹೋದ ಆಸ್ತಿ. ದೋಷ ಸಿಗಲಿಲ್ಲ ಎಂಬುದಕ್ಕೂ ದೋಷವೇ ಇರಲಿಲ್ಲ ಎಂಬುದಕ್ಕೂ ಅಜಗಜಾಂತರವಿದೆ. ಈ ಅಂತರವನ್ನು ಕಾಪಾಡುವುದೇ ತನಿಖೆಯ ಪ್ರಾಮಾಣಿಕತೆ.

ಹಾರುವವರಲ್ಲಿ, ಹಾರಲು ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ಮನವಿ. ಎಂಜಿನ್ ಒಮ್ಮೆ ಮುಗ್ಗರಿಸಿ ಸರಿಹೋದರೆ ಅದನ್ನು ಮರೆಯಬೇಡಿ. ಹೊತ್ತು, ಎತ್ತರ, ಹವೆ, ಯಾವ ಟ್ಯಾಂಕು, ಯಾವ ಹಿಡಿಕೆ ಎಳೆದಿರಿ ಎಂಬುದನ್ನು ಇಳಿದ ಕೂಡಲೇ ಲಾಗ್ ಪುಸ್ತಕದಲ್ಲಿ ಬರೆಯಿರಿ, ಮೆಕ್ಯಾನಿಕ್‌ಗೆ ಹೇಳಿ. ಓದುಗರಲ್ಲೂ ಒಂದು ಮಾತು. ಅಪಘಾತವಾದ ಸಂಜೆಯೇ ಟಿವಿಯಲ್ಲಿ ಕಾರಣ ಘೋಷಿಸುವವರನ್ನು ನಂಬಬೇಡಿ. ‘ಇನ್ನೂ ಗೊತ್ತಾಗಿಲ್ಲ’ ಎನ್ನುವ ತನಿಖಾಧಿಕಾರಿಗೆ ಬೇಕಾದಷ್ಟು ಕಾಲ ಕೊಡಿ.